ಆಯುಧವೂ ಅಭಿಮಾನವೂ

ಕೊಲ್ಲುವ ಸಾಧನವೊಂದು ಕೊಲ್ಲಲಾರದಷ್ಟು ಹಳೆಯದಾದ ಮಾತ್ರಕ್ಕೆ ನಿರ್ದೋಷಿಯಾಗುವುದೆ? ಅಮೆರಿಕೆಯವರು ತಮ್ಮ ಪಶ್ಚಿಮದ ಗಡಿನಾಡಿನ ಹಳೆಯ ಬಂದೂಕುಗಳನ್ನು ವಸ್ತುಸಂಗ್ರಹಾಲಯಗಳಲ್ಲಿಟ್ಟು ಆದರಿಸುತ್ತಾರೆ. ಕನ್ನಡನಾಡಿಗೂ ಅಂತಹ ಆಸ್ತಿ ಉಂಟು. ಆದುದರಿಂದ ಈ ಪ್ರಶ್ನೆಯು ಪರರದೆಂದು ತಳ್ಳಿಬಿಡತಕ್ಕದ್ದಲ್ಲ.

ಚನ್ನರಾಯಪಟ್ಟಣದ ಹೋಬಳಿಯು ಸೇರಿರುವ ದೇವನಹಳ್ಳಿಯ ಸೀಮೆಯು ಟಿಪ್ಪು ಸುಲ್ತಾನನ ಜನ್ಮಭೂಮಿ. ಅವನ ತಂದೆ ಹೈದರಾಲಿಯ ಕಾಲದಲ್ಲಿಯೇ ಮೈಸೂರಿನ ಸೈನ್ಯವು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು, ಬಿದಿರಿನ ಕೋಲಿಗೆ ಬಿಗಿದು, ಶತ್ರುಗಳ ಮೇಲೆ ಹಾರಿಸುತ್ತಿದ್ದಿತು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆಯುವುದರಿಂದ ಈ ಬಾಣಗಳು ಬಹುದೂರ ಹೋಗುತ್ತಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಮಿಕ್ಕ ಬಾಣಗಳು ದೊರೆತಾಗ ನಾಡಿನವರು ಹಿಗ್ಗಿದುದು ಸಹಜವೇ.

ಆದರೆ ಕಥೆಯು ಅಲ್ಲಿಗೇ ಮುಗಿಯಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಈ ಬಾಣಗಳು ಇಂಗ್ಲೆಂಡನ್ನು ಸೇರಿದುವು. ವಿಲಿಯಂ ಕಾಂಗ್ರೀವನು ಆ ವಿದ್ಯೆಯನ್ನು ಬೆಳೆಸಿದನು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಫಿರಂಗಿಯ ಗುಂಡುಗಳೊಡನೆ ಅವನ ರಾಕೆಟ್ಟುಗಳೂ ಸುರಿದುವು. ಮನೆಗಳು ಉರಿದುವು, ಯುದ್ಧಕ್ಕೆ ಬಾರದ ಜನರು ಮಡಿದರು.

ಇದರ ಹೊಣೆ ಮೈಸೂರಿನ ಕಮ್ಮಾರನದೆ? ಅಲ್ಲ, ಕೊಳ್ಳೆಹೋದ ವಿದ್ಯೆಯಿಂದ ಕೊಳ್ಳೆಗಾರನು ಮಾಡಿದ ಪಾಪವು ಕಳೆದುಕೊಂಡವನಿಗೆ ಅಂಟದು. ಹಾಗಾದರೆ ಆ ಕಮ್ಮಾರನ ಜಾಣ್ಮೆಯ ಕೀರ್ತಿಯು ಇಂದಿನವರಿಗೆ ಅಂಟುವುದೆಂತು? ಅವರು ಕುಲುಮೆಯನ್ನು ಊದಿದವರಲ್ಲ. ಪೂರ್ವಿಕರ ಕೀರ್ತಿಯನ್ನು ಪಿತ್ರಾರ್ಜಿತವೆಂದು ಪಡೆದು, ಅವರ ಆಯುಧದ ಕ್ರೌರ್ಯವನ್ನು ಮಾತ್ರ ಪರರ ಸಾಲವೆಂದು ನಿರಾಕರಿಸುವುದು ನ್ಯಾಯವಲ್ಲ. ಕೀರ್ತಿಯೂ ಅಪರಾಧವೂ ಮಾಡಿದವರವು; ಬಂದವರಿಗೆ ಉಳಿಯುವುದು ಎರಡನ್ನೂ ಸಮವಾಗಿ ಅರಿಯುವ ಕರ್ತವ್ಯವೊಂದೇ.

ಸಂಗ್ರಹಾಲಯದ ಫಲಕವು ಆಯುಧವನ್ನು ಮಾಡಿದವನಾರು, ಅದರ ಅಳತೆಯೆಷ್ಟು, ಎಷ್ಟು ದೂರ ಹೋಗುತ್ತಿದ್ದಿತು ಎಂದು ಹೇಳಿದರೆ ಅದು ಅರ್ಧ ಸತ್ಯ. ಎಲ್ಲಿ ಬಿದ್ದಿತು, ಯಾರ ಮೇಲೆ ಬಿದ್ದಿತು ಎಂಬುದು ಉಳಿದ ಅರ್ಧ. ಸೌಂದರ್ಯವನ್ನು ಮೆಚ್ಚುವುದು ದೋಷವಲ್ಲ. ಅಲ್ಲಿಗೇ ನಿಲ್ಲುವುದು ದೋಷ.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಶಮೀವೃಕ್ಷದಲ್ಲಿ ತಮ್ಮ ಆಯುಧಗಳನ್ನಿಟ್ಟು, ಯಾರೂ ಹತ್ತಿರ ಸುಳಿಯದಂತೆ ಅವುಗಳೊಡನೆ ಒಂದು ಶವವನ್ನೂ ಕಟ್ಟಿದರೆಂದು ಭಾರತದ ಕಥೆ. ಮಹಾನವಮಿಯ ಮರುದಿನ ಬನ್ನಿಯ ಮರಕ್ಕೆ ಕೈಮುಗಿಯುವವರು ಆಯುಧಗಳನ್ನು ನೆನೆಯುತ್ತಾರೆ. ಶವವನ್ನು ನೆನೆಯುವವರು ವಿರಳ. ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವವರಾದರೂ ಎರಡನ್ನೂ ನೆನೆಯುವುದು ಲೇಸು.