ಹಾಡು ಯಾರ ಕಿವಿಗೆ?

ಅಮೆರಿಕದ ಮೆಂಫಿಸ್ ನಗರದ ಕ್ರಿಸ್ ಬೆಲ್ ಬದುಕಿದ್ದಾಗ ಅವನೊಬ್ಬನ ಹೆಸರಿನಲ್ಲಿ ಹೊರಬಂದದ್ದು ಒಂದೇ ಸಣ್ಣ ರೆಕಾರ್ಡು. ಎರಡು ಬದಿ, ಎರಡು ಹಾಡು. ಅದು ಬಂದದ್ದು 1978ರಲ್ಲಿ. ಅದೇ ವರ್ಷ ಡಿಸೆಂಬರ್ 27ರಂದು ಅವನ ಕಾರು ದೀಪದ ಕಂಬಕ್ಕೆ ಬಡಿಯಿತು. ಆಗ ಅವನಿಗೆ 27 ವರ್ಷ.

ಅದಕ್ಕೂ ಮೊದಲು ಅವನು ಬಿಗ್ ಸ್ಟಾರ್ ತಂಡದ ಗಿಟಾರ್ ವಾದಕ. ಆರ್ಡೆಂಟ್ ಸ್ಟುಡಿಯೋದಲ್ಲಿ ತಂಡ ಸಿದ್ಧಪಡಿಸಿದ ‘ನಂಬರ್ ಒನ್ ರೆಕಾರ್ಡ್’ 1972ರಲ್ಲಿ ಬಂದಾಗ ವಿಮರ್ಶಕರು ಹೊಗಳಿದರು. ಅಂಗಡಿಗೆ ಹೋದವರಿಗೆ ಮಾತ್ರ ಪ್ರತಿ ಸಿಗಲಿಲ್ಲ. ಸ್ಟ್ಯಾಕ್ಸ್ ಕಂಪನಿಯ ವಿತರಣೆ ಕೈಕೊಟ್ಟಿತ್ತು. ಸಿಕ್ಕಷ್ಟು ಗಮನವೂ ಜೊತೆಗಾರ ಅಲೆಕ್ಸ್ ಚಿಲ್ಟನ್ ಕಡೆಗೆ ಹೋಯಿತು. 1967ರಲ್ಲೇ, ಇನ್ನೂ ಹುಡುಗನಾಗಿದ್ದಾಗ, ‘ದ ಲೆಟರ್’ ಹಾಡಿ ದೇಶಕ್ಕೆಲ್ಲ ಪರಿಚಿತನಾಗಿದ್ದವನು ಚಿಲ್ಟನ್. 1972 ಮುಗಿಯುವ ಹೊತ್ತಿಗೆ ಬೆಲ್ ತಂಡ ಬಿಟ್ಟ. ತೀವ್ರ ಖಿನ್ನತೆಗೆ ಜಾರಿದ. ಆ ದಿನಗಳಲ್ಲೇ ಕ್ರಿಸ್ತನಲ್ಲಿ ಗಾಢ ನಂಬಿಕೆ ತಳೆದ.

ಇಲ್ಲಿಂದ ಮುಂದಿನದು ಬರೀ ಸಂಗೀತದ ಕಥೆಯಲ್ಲ. ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಮನಸಾರೆ ನಂಬಿದವನಿಗೆ ಬೇರೆ ಕೇಳುಗರು ಯಾಕೆ ಬೇಕು?

ಬೆಲ್‌ಗೆ ಬೇಕಾಗಿತ್ತು, ಅದೂ ತುಂಬಾ. ಸಹೋದರ ಡೇವಿಡ್ ಅವನನ್ನು ಯುರೋಪಿಗೆ ಕರೆದೊಯ್ದ. ಪ್ಯಾರಿಸ್ ಬಳಿಯ ಶಾತೋ ದೆರೂವೀಲ್‌ನ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯಿತು. ಬೀಟಲ್ಸ್ ಜೊತೆ ದುಡಿದಿದ್ದ ಜೆಫ್ ಎಮೆರಿಕ್ ಲಂಡನ್ನಿನಲ್ಲಿ ಮಿಕ್ಸಿಂಗ್‌ಗೆ ಕೈ ಹಾಕಿದ. ‘ಲುಕ್ ಅಪ್’, ‘ಬೆಟರ್ ಸೇವ್ ಯುವರ್‌ಸೆಲ್ಫ್’ನಂಥ ಹಾಡುಗಳಲ್ಲಿ ಬೆಲ್‌ನ ಭಕ್ತಿ ಎದ್ದು ಕಾಣುತ್ತದೆ. ಆದರೂ ಆ ಗಿಟಾರಿನ ಪದರಗಳನ್ನು ಅಷ್ಟು ಜತನದಿಂದ ಜೋಡಿಸಿದ್ದು ದೇವರಿಗಾಗಿಯಲ್ಲ. ಮೌನವನ್ನೂ ಕೇಳಬಲ್ಲವನಿಗೆ ಮಿಕ್ಸಿಂಗ್ ಬೇಕಿಲ್ಲ. ಅದು ಬೇಕಾದದ್ದು ಮನುಷ್ಯರ ಕಿವಿಗೆ.

ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಗೀತೆಯ ಬೋಧನೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಬೆಲ್ ಅದನ್ನು ಪಾಲಿಸಿದ್ದರೆ ಇಷ್ಟು ನೋಯುತ್ತಿರಲಿಲ್ಲ ಎಂದು ಯಾರಾದರೂ ಹೇಳಿಯಾರು. ಇದು ದುಡುಕಿನ ತೀರ್ಪು. ಹಣ, ಹೆಸರು, ಚಪ್ಪಾಳೆ ಫಲವೇ ಸರಿ, ಅವನ್ನು ಬಿಡಬಹುದು. ಆದರೆ ಒಬ್ಬರಿಗೆಂದು ಆಡಿದ ಮಾತನ್ನು ಆ ಒಬ್ಬರು ಕೇಳುವುದು ಫಲವಲ್ಲ. ಆಡುವ ಕ್ರಿಯೆ ಪೂರ್ತಿಯಾಗುವುದೇ ಅಲ್ಲಿ. ಬೆಲ್‌ನ ಪ್ರಾರ್ಥನೆ ಪೂರ್ತಿಯಾಗಿತ್ತು, ಹಾಡು ಆಗಿರಲಿಲ್ಲ.

ಅವನ ಅತ್ಯುತ್ತಮ ರಚನೆ ‘ಐ ಆಮ್ ದ ಕಾಸ್ಮೋಸ್’ ಈ ತೊಳಲಾಟವನ್ನೇ ಹಿಡಿದಿದೆ. ತಾನೇ ಬ್ರಹ್ಮಾಂಡ ಎಂಬ ಆ ಶೀರ್ಷಿಕೆ ಕಂಡರೆ ಉಪನಿಷತ್ತು ಬಲ್ಲವರ ಕಿವಿ ನೆಟ್ಟಗಾಗುತ್ತದೆ. ಹಾಡು ಸಾಗುವುದು ಮಾತ್ರ ಎದುರು ದಿಕ್ಕಿಗೆ. ವಿಶ್ವವೇ ತಾನೆಂದು ಹೇಳಿಕೊಂಡರೂ ದೂರವಾದ ಒಬ್ಬ ವ್ಯಕ್ತಿಯ ಕೊರತೆ ಅಲ್ಲಿ ತುಂಬುವುದಿಲ್ಲ. ಅದ್ವೈತದ ಪಂಡಿತರು ಇದನ್ನು ಅರಿವಿನ ಕೊರತೆ ಎಂದಾರು. ಹಾಡು ಕೇಳಿದ ಮೇಲೆ ಹಾಗೆನ್ನುವುದು ಸುಲಭವಲ್ಲ. ರೆಕಾರ್ಡಿನ ಹಿಂಬದಿಯ ‘ಯು ಅಂಡ್ ಯುವರ್ ಸಿಸ್ಟರ್’ನಲ್ಲಿ ಜೊತೆದನಿ ಕೊಟ್ಟವನು ಚಿಲ್ಟನ್, ಯಾರ ನೆರಳಿನಲ್ಲಿ ಬೆಲ್ ಮಸುಕಾಗಿದ್ದನೋ ಅವನೇ.

ಪೂರ್ಣ ಆಲ್ಬಮ್ಮಿಗೆ ಯಾವ ಕಂಪನಿಯೂ ಮುಂದೆ ಬರಲಿಲ್ಲ. ಬೆಲ್ ಊರಿಗೆ ಮರಳಿ ಮನೆಯವರ ರೆಸ್ಟೊರೆಂಟಿನಲ್ಲಿ ಕೆಲಸಕ್ಕೆ ನಿಂತ. ಆ ಎರಡು ಹಾಡುಗಳನ್ನು ಕೊನೆಗೆ ಹೊರತಂದದ್ದು ಕ್ರಿಸ್ ಸ್ಟೇಮಿಯ ಪುಟ್ಟ ಕಾರ್ ರೆಕಾರ್ಡ್ಸ್.

ಆಲ್ಬಂ ಬಂದದ್ದು 1992ರಲ್ಲಿ, ರೈಕೋಡಿಸ್ಕ್ ಕಂಪನಿಯಿಂದ. ಅದರ ಹಿಂದಿನ ವರ್ಷವೇ ಬ್ರಿಟನ್ನಿನ ದಿಸ್ ಮಾರ್ಟಲ್ ಕಾಯಿಲ್ ಬಳಗ ಬೆಲ್‌ನ ಆ ಎರಡೂ ಹಾಡುಗಳನ್ನು ಹೊಸದಾಗಿ ಹಾಡಿತ್ತು. ಕೊನೆಗೂ ದೇವರು ಕಣ್ಣು ಬಿಟ್ಟ ಎಂದು ಸಮಾಧಾನಪಡುವವರಿದ್ದಾರೆ. ಅನಂತಕಾಲದ ಲೆಕ್ಕದಲ್ಲಿ 14 ವರ್ಷ ಯಾವ ಮಹಾ ಎನ್ನುವವರೂ ಇದ್ದಾರೆ. ಆದರೆ ಬೆಲ್ ನಂಬಿದ ಧರ್ಮದ ದೇವರು ಮನುಷ್ಯನಾಗಿ ಹುಟ್ಟಿ, ಕಾಲಕ್ಕೆ ಸಿಕ್ಕಿ, ತನ್ನವರಿಂದಲೇ ತಿರಸ್ಕೃತನಾಗಿ ಸತ್ತವನು. ಆ ಧರ್ಮಕ್ಕೆ ಒಂದೊಂದು ದಿನವೂ ಲೆಕ್ಕಕ್ಕಿದೆ. ಟೇಪು ಹಿಡಿದು ಕಂಪನಿಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ವಾಪಸಾದ ಯುವಕನ ನಿರಾಸೆಯನ್ನು ಅದರ ಹೆಸರಿನಲ್ಲೇ ಹಗುರ ಮಾಡಲು ಬರುವುದಿಲ್ಲ.