ಬಿರುಕು ಕಂಡ ಮೇಲೂ ಬಾಗಿಲು ತೆರೆದವರು

ಕಾರ್ಖಾನೆಯಲ್ಲಿ ಅವಘಡ ನಡೆದ ಮರುದಿನ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುವ ಒಂದು ಮಾತಿದೆ: ಕಾರ್ಮಿಕನ ಅಜಾಗರೂಕತೆಯೇ ದುರಂತಕ್ಕೆ ಕಾರಣ. ಅಯ್ಯೋ ಪಾಪ ಎಂದು ಪುಟ ತಿರುವುತ್ತೇವೆ. ಸತ್ತವನು ಎದ್ದು ಬಂದು ಉತ್ತರ ಕೊಡಲಾರ. ಆದರೆ ಜಾಗರೂಕನಾಗಿರುವ ಸ್ವಾತಂತ್ರ್ಯ ಅವನಿಗಿತ್ತೇ ಎಂದು ನಾವು ಕೇಳುವುದು ಅಪರೂಪ.

ಬಾಂಗ್ಲಾದೇಶದ ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಕೆಳಗೆ ಬ್ಯಾಂಕ್ ಶಾಖೆ ಮತ್ತು ಅಂಗಡಿಗಳು, ಮೇಲೆ ಸಿದ್ಧ ಉಡುಪಿನ ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಕಟ್ಟಡದಲ್ಲಿ ಬಿರುಕುಗಳು ಕಾಣಿಸಿಕೊಂಡವು. ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳುಹಿಸಿತು. ಅಂಗಡಿಗಳು ಮುಚ್ಚಿದವು. ಮರುದಿನ ಬೆಳಿಗ್ಗೆ ಹೊಲಿಗೆ ಕಾರ್ಮಿಕರನ್ನು ಮಾತ್ರ ಒಳಗೆ ಕರೆಯಲಾಯಿತು. ಬಾರದಿದ್ದರೆ ಸಂಬಳಕ್ಕೆ ಕತ್ತರಿ ಎಂಬ ಬೆದರಿಕೆಯೂ ಇತ್ತು. ಒಂಬತ್ತು ಗಂಟೆಯ ಸುಮಾರಿಗೆ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಹಿಳೆಯರು.

ಕಟ್ಟಡ ಒಂದೇ, ಬಿರುಕೂ ಒಂದೇ. ಅಪಾಯದ ಅರಿವು ಕೆಳಗಿನವರಿಗೂ ಇತ್ತು, ಮೇಲಿನವರಿಗೂ ಇತ್ತು. ಹಾಗಾದರೆ ಒಂದು ಗುಂಪು ಉಳಿದು ಇನ್ನೊಂದು ಗುಂಪು ಅಳಿದದ್ದೇಕೆ? ತೀರ್ಮಾನ ಮಾಡುವವರು ಬೇರೆ ಬೇರೆಯಾಗಿದ್ದರು, ಅಷ್ಟೆ. ಬಿರುಕನ್ನು ತಾನೇ ಕಣ್ಣಾರೆ ಕಂಡ ಹೆಣ್ಣುಮಗಳಿಗೆ ಹಿಂದಿರುಗುವ ಅಧಿಕಾರವಿರಲಿಲ್ಲ. ಅವಳನ್ನು ಅಜಾಗರೂಕಳೆಂದು ಕರೆಯಲು ಯಾರಿಗಾದರೂ ನಾಲಗೆ ಏಳುವುದೇ?

ಮಾಲೀಕರಿಗೂ ಒತ್ತಡವಿತ್ತಲ್ಲ ಎನ್ನಬಹುದು. ನಿಜ. ಹೇಳಿದ ದಿನಕ್ಕೆ ಸರಕು ಹಡಗು ಸೇರದಿದ್ದರೆ ವಿದೇಶಿ ಕಂಪೆನಿ ಬೇರೆಯವರನ್ನು ಹುಡುಕಿಕೊಳ್ಳುತ್ತದೆ. ಆ ಕಂಪೆನಿಗೆ ಅಗ್ಗದ ಅಂಗಿ ಬೇಕು, ಏಕೆಂದರೆ ಗಿರಾಕಿಗೆ ಅಗ್ಗದ ಅಂಗಿ ಬೇಕು. ಹೀಗೆ ಪ್ರತಿಯೊಬ್ಬನೂ ತನ್ನ ಮೇಲಿನವನತ್ತ ಬೆರಳು ತೋರಿಸಬಲ್ಲ. ಆದರೆ ಒತ್ತಡವು ತಪ್ಪಿಗೆ ಕಾರಣವನ್ನು ಹೇಳುತ್ತದೆಯೇ ಹೊರತು ತಪ್ಪನ್ನು ತೊಳೆಯುವುದಿಲ್ಲ. ಮೇಲಿನಿಂದ ಬಂದ ಒತ್ತಡವನ್ನು ತನ್ನಲ್ಲೇ ತಡೆಯುವವನು ನಾಯಕ. ಅದನ್ನು ಹಾಗೆಯೇ ಕೆಳಗೆ ದಾಟಿಸುವವನು ಬರೀ ಕೊಳವೆ.

ಇನ್ನೊಂದು ಸಮರ್ಥನೆ, 'ನನಗೆ ಗೊತ್ತಿರಲಿಲ್ಲ' ಎಂಬುದು. ಇದೂ ಅನೇಕ ಸಲ ನಿಜವೇ. ಆದರೆ ಗೊತ್ತಾಗದಂತೆ ಮಾಡಿಕೊಂಡವರು ಯಾರು? ಕೆಟ್ಟ ಸುದ್ದಿ ತಂದವನನ್ನು ಗದರಿಸುವ ಯಜಮಾನನ ಬಳಿಗೆ ಮುಂದೆ ಒಳ್ಳೆಯ ಸುದ್ದಿಗಳಷ್ಟೇ ಬರುತ್ತವೆ.

1987ರಲ್ಲಿ ಪಾಲ್ ಓ'ನೀಲ್ ಅಮೆರಿಕದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪೆನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದೆ ಅವರು ಮೊದಲು ಮಾತಾಡಿದ್ದು ಲಾಭದ ಬಗ್ಗೆಯಲ್ಲ, ಕಾರ್ಮಿಕರ ಸುರಕ್ಷತೆಯ ಬಗ್ಗೆ. 1996ರ ಷೇರುದಾರರ ಸಭೆಯಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ, ಮೆಕ್ಸಿಕೋದ ಘಟಕದಲ್ಲಿ ಕಾರ್ಮಿಕರು ಅಸ್ವಸ್ಥರಾಗುತ್ತಿದ್ದಾರೆಂದು ದೂರಿದರು. ವಿಚಾರಿಸಿದಾಗ, ಅನಿಲದಿಂದ ಕಾರ್ಮಿಕರು ಕಾಯಿಲೆ ಬಿದ್ದದ್ದು ಅಲ್ಲಿನ ಹಿರಿಯ ಅಧಿಕಾರಿಗೆ ತಿಳಿದಿದ್ದರೂ ಮೇಲಕ್ಕೆ ವರದಿಯಾಗಿರಲಿಲ್ಲ. ಆತ ಕಂಪೆನಿಗೆ ಲಾಭ ತಂದುಕೊಟ್ಟ ಮನುಷ್ಯ. ಆದರೂ ಓ'ನೀಲ್ ಅವನನ್ನು ಕೆಲಸದಿಂದ ತೆಗೆದರು. ಸುದ್ದಿಯನ್ನು ಹೇಳುವುದಕ್ಕಿಂತ ಮುಚ್ಚಿಡುವುದೇ ಅಪಾಯಕರ ಎಂದು ಅಂದು ಎಲ್ಲರಿಗೂ ಅರ್ಥವಾಗಿರಬೇಕು.

ನಮ್ಮಲ್ಲಿ ಕಾನೂನುಗಳಿಗೆ ಕೊರತೆಯಿಲ್ಲ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ ಕಂಪೆನಿಯ ನಿರ್ದೇಶಕರಲ್ಲೊಬ್ಬರನ್ನು ಹೊಣೆಗಾರರನ್ನಾಗಿ ಮಾಡಲಾಯಿತು. 2013ರ ಕಾಯ್ದೆ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ನಿಷೇಧಿಸಿತು. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಮನುಷ್ಯರು ಇಳಿಯುತ್ತಲೇ ಇದ್ದಾರೆ. ಇಳಿಸುವವರು ಕಂತ್ರಾಟುದಾರರು ಮಾತ್ರವಲ್ಲ. ಮನೆಯ ಶೌಚಗುಂಡಿ ತುಂಬಿದಾಗ ನೂರಿನ್ನೂರು ರೂಪಾಯಿಗೆ ಚೌಕಾಸಿ ಮಾಡುವ ನಾವೂ ಆ ಗಳಿಗೆಯಲ್ಲಿ ಯಜಮಾನರೇ.

ಆದ್ದರಿಂದ ಹೆಲ್ಮೆಟ್, ಕೈಗವಸು, ಗೋಡೆಯ ಮೇಲಿನ ಫಲಕಗಳನ್ನು ಎಣಿಸಿ ಒಬ್ಬ ನಾಯಕನನ್ನು ಅಳೆಯಲಾಗದು. 'ನನಗೆ ಭಯವಾಗುತ್ತಿದೆ, ಒಳಗೆ ಹೋಗಲಾರೆ' ಎಂದ ಕೆಲಸಗಾರನಿಗೆ ನಾಳೆಯೂ ಅಲ್ಲಿ ಕೆಲಸವಿರುತ್ತದೆಯೇ? ಅವನ ಇಂದಿನ ಕೂಲಿ ಅವನ ಕೈ ಸೇರುತ್ತದೆಯೇ? ಕಾರ್ಖಾನೆಯಲ್ಲಿರಲಿ, ನಮ್ಮ ಮನೆಯ ಹಿತ್ತಲಲ್ಲಿರಲಿ, ಕೇಳಬೇಕಾದ ಪ್ರಶ್ನೆ ಇದೇ.