ರಿಜಿಸ್ಟರಿನಲ್ಲಿ ಇಲ್ಲದ ಹೆಸರು

ಆಗಸ್ಟ್ 12 ಗ್ರಂಥಪಾಲಕರ ದಿನ. ನಮ್ಮಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ಜನ್ಮದಿನವೆಂದು ದೇಶದಲ್ಲಿ ಆಚರಿಸುತ್ತಾರೆ. ನನಗಿದು ಗೊತ್ತಾದದ್ದು ಈ ವರ್ಷ, ಅದೂ ಆರನೇ ಕ್ಲಾಸಿನ ಮಗಳ ದೆಸೆಯಿಂದ. ಜೀಡಿಮೆಟ್ಲಾದ ಅವಳ ಶಾಲೆಯ ಲೈಬ್ರರಿ ಮೇಡಂ ಇನ್ನೇನು ನಿವೃತ್ತರಾಗುವವರಿದ್ದರು. ಆ ದಿನ ಮಕ್ಕಳು, ಮನಸ್ಸಿದ್ದರೆ ತಂದೆತಾಯಂದಿರೂ, ಅವರಿಗೆ ನಾಲ್ಕು ಸಾಲು ಮೆಚ್ಚುಗೆ ಬರೆದುಕೊಡಬೇಕೆಂದು ಶಾಲೆಯಿಂದ ಮೆಸೇಜ್ ಬಂತು.

ಮೆಚ್ಚುಗೆ ಬರೆಯುವುದು ನನಗೆ ಹೊಸದಲ್ಲ. ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ನಾನು. ರಿಲೀಸ್ ಮುಗಿದ ಮರುದಿನ ತಂಡದವರಿಗೆಲ್ಲ ಅಪ್ರಿಸಿಯೇಶನ್ ಮೇಲ್ ಕಳಿಸುವುದು ಕೆಲಸದ ಒಂದು ಭಾಗ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ವಾಕ್ಯಗಳು ನನ್ನ ಬಳಿ ಸಿದ್ಧವಿವೆ. ಅವನ್ನೇ ಒಂದಿಷ್ಟು ತಿದ್ದಿ ಕೊಟ್ಟರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಗಳು ಬರೆದದ್ದು ಕಣ್ಣಿಗೆ ಬಿತ್ತು.

2022ರಲ್ಲಿ ನಾವು ಬೆಂಗಳೂರು ಬಿಟ್ಟು ಇಲ್ಲಿಗೆ ಬಂದಾಗ ಅವಳು ಮೂರನೇ ಕ್ಲಾಸು. ತೆಲುಗು ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಊಟದ ಬಿಡುವಿನಲ್ಲಿ ಜೊತೆಗೆ ಕೂರುವವರಿಲ್ಲ. ಡಬ್ಬಿ ಬೇಗ ಬೇಗ ಮುಗಿಸಿ ಲೈಬ್ರರಿಯ ಮುಂದೆ ನಿಲ್ಲುತ್ತಿದ್ದಳಂತೆ. ಬಿಡುವಿನಲ್ಲಿ ಲೈಬ್ರರಿ ಮುಚ್ಚಿರಬೇಕೆಂಬುದು ನಿಯಮ. ಮೇಡಂ ಬಾಗಿಲು ಓರೆ ಮಾಡಿಟ್ಟು, ತಮ್ಮ ಮೇಜಿನ ಪಕ್ಕ ಒಂದು ಸ್ಟೂಲ್ ಹಾಕಿ, ಚಿತ್ರದ ಪುಸ್ತಕ ಕೈಗಿಟ್ಟು, ತಾವು ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತ ಕೂರುತ್ತಿದ್ದರಂತೆ. ಯಾಕೆ ಒಬ್ಬಳೇ ಇದ್ದೀಯೆಂದು ಒಂದು ದಿನವೂ ಕೇಳಲಿಲ್ಲವಂತೆ. ಹಾಗೆ ಕೇಳದೇ ಇದ್ದದ್ದಕ್ಕೆ ಥ್ಯಾಂಕ್ಸ್ ಎಂದು ಬರೆದಿದ್ದಳು.

"ನಮಗ್ಯಾಕೆ ಹೇಳ್ಲಿಲ್ಲ?" ಎಂದೆ.

"ಸ್ಕೂಲ್ ಹೆಂಗಿದೆ ಅಂತ ದಿನಾ ಕೇಳ್ತಿದ್ರಲ್ಲ ಪಪ್ಪಾ. ಚೆನ್ನಾಗಿದೆ ಅಂದ್ರೆ ನಿಮಗೆ ಖುಷಿ ಆಗ್ತಿತ್ತು."

ಮುಂದೆ ಮಾತು ಹೊರಡಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಎರಡು ವರ್ಷದ ಹಿಂದೆ ವಾರದ ಎರಡು ಲೈಬ್ರರಿ ಪೀರಿಯಡ್‌ಗಳಲ್ಲಿ ಒಂದನ್ನು ಕೋಡಿಂಗ್‌ಗೆ ಬಿಟ್ಟುಕೊಡಬಹುದೇ ಎಂದು ಶಾಲೆಯವರು ಪೋಷಕರನ್ನು ಕೇಳಿದ್ದರು. ಎಷ್ಟು ಪುಸ್ತಕ ಇಶ್ಯೂ ಆಗಿದೆ ಎಂಬ ಲೆಕ್ಕವನ್ನೂ ಮುಂದಿಟ್ಟಿದ್ದರು. ಅದು ಕಮ್ಮಿಯೇ ಇತ್ತು. ನಾನು ಫಾರ್ಮಿನಲ್ಲಿ ಹೌದೆಂದು ಟಿಕ್ ಮಾಡಿದ್ದಲ್ಲದೆ, ಸಭೆಯಲ್ಲಿ ಎದ್ದು ನಿಂತು, ಬಳಕೆಯಾಗದ ಜಾಗ, ಬಳಕೆಯಾಗದ ಹೊತ್ತು ಎಂದು ಆಫೀಸಿನ ಧಾಟಿಯಲ್ಲಿ ವಿವರಿಸಿದ್ದೆ. ಪೀರಿಯಡ್ ಹೋಯಿತು. ಆ ಲೆಕ್ಕದಲ್ಲಿ ನನ್ನ ಮಗಳು ಇರಲೇ ಇಲ್ಲ. ಆ ದಿನಗಳಲ್ಲಿ ಅವಳು ಪುಸ್ತಕ ಮನೆಗೆ ತಂದವಳಲ್ಲ, ಸ್ಟೂಲಿನ ಮೇಲೆ ಕೂತು ಓದಿ ಅಲ್ಲೇ ಇಟ್ಟು ಬಂದವಳು. ಆ ಕೋಣೆಯಿಂದ ಅಷ್ಟೆಲ್ಲ ಪಡೆದ ಹುಡುಗಿ ರಿಜಿಸ್ಟರಿನ ಪ್ರಕಾರ ಆ ಕೋಣೆಗೆ ಕಾಲಿಟ್ಟೇ ಇಲ್ಲ.

ಅಂದಿನಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ಮೆಚ್ಚುಗೆಯ ಚೀಟಿ ಬರೀ ಸೌಜನ್ಯವೇ? ಬರೆದರೆ ಒಳ್ಳೆಯದು, ಬರೆಯದಿದ್ದರೂ ನಡೆಯುತ್ತದೆ ಎನ್ನುವಂಥದ್ದೇ? ಅಥವಾ ನಾವು ಕೊಡಲೇಬೇಕಾದ ಏನಾದರೂ ಅದರಲ್ಲಿದೆಯೇ?

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ನಮ್ಮ ಮನೆಗಳಲ್ಲಿ ಥ್ಯಾಂಕ್ಸ್ ಹೇಳುವ ರೂಢಿಯಿಲ್ಲ. ಅವ್ವ ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತಂದರೆ ಏನೂ ಹೇಳುತ್ತಿರಲಿಲ್ಲ; ಬಟ್ಟಲು ಮರಳಿಸುವಾಗ ಅದರಲ್ಲಿ ಏನಾದರೂ ಹಾಕಿ ಕಳಿಸುತ್ತಿದ್ದಳು. ಉಪಕಾರ ತೀರಾ ದೊಡ್ಡದಾದರೆ "ನಿಮ್ಮ ಋಣ ತೀರ್ಸಲಕ್ಕ ಆಗಲ್ರಿ" ಎಂಬ ಒಂದು ಮಾತು, ಅಷ್ಟೆ. ಹಳಬರು ಹೇಳುವ ಮೂರು ಋಣಗಳಲ್ಲಿ ಋಷಿಋಣವೂ ಒಂದು. ಅದು ತೀರುವುದು ಅಧ್ಯಯನದಿಂದ. ಋಷಿಗಳಿಗೆ ಮರಳಿ ಏನನ್ನೂ ಕೊಡಬೇಕಿಲ್ಲ, ಓದಿದರೆ ಸಾಕು. ಹಾಗೆ ನೋಡಿದರೆ ನನ್ನ ಮಗಳು ಓದುತ್ತಿರುವುದೇ ಮೇಡಂಗೆ ಸಲ್ಲಿಸಿದ ಕೃತಜ್ಞತೆ. ಮೇಲಾಗಿ, ಕೆಲಸ ಮಾಡುವವರು ಫಲ ಬಯಸಬಾರದು ಎಂದು ಕೇಳುತ್ತಲೇ ಬೆಳೆದವರು ನಾವು.

ಆದರೆ ಫಲ ಬಯಸಬಾರದು ಎಂಬುದು ಕೆಲಸ ಮಾಡಿದವರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತು. ಪಡೆದವರು ಅದನ್ನು ನೆಪ ಮಾಡಿಕೊಂಡು ಸುಮ್ಮನಿದ್ದರೆ ಅದು ವೈರಾಗ್ಯವಲ್ಲ, ಜಿಪುಣತನ. ಇನ್ನೊಂದು ವಿಷಯವೂ ಇದೆ. ಮೊಸರು ಕೊಟ್ಟವಳಿಗೆ ಅವ್ವನ ಗಡಿಗೆಯಲ್ಲಿ ಹೆಪ್ಪಾಯಿತೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತದೆ. ಬಡಿಸಿದವರಿಗೆ ಖಾಲಿ ತಟ್ಟೆ ಕಾಣುತ್ತದೆ. ಗ್ರಂಥಪಾಲಕರ ಕೆಲಸ ಹಾಗಲ್ಲ. ಅದು ಪೂರ್ತಿಯಾಗುವುದು ಅವರ ಕಣ್ಣಳತೆಯ ಆಚೆ: ಯಾರದೋ ಮನೆಯ ಮಂಚದ ಮೇಲೆ, ಎಷ್ಟೋ ವರ್ಷಗಳ ನಂತರ.

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುತ್ತದೆ. ಸಿಕ್ಕನೋ ಇಲ್ಲವೋ ಎಂಬುದನ್ನು ಪುಸ್ತಕಕ್ಕೆ ಅಂಟಿಸಿದ ದಿನಾಂಕದ ಚೀಟಿ ಹೇಳೀತು. ಸಿಕ್ಕ ಮೇಲೆ ಏನಾಯಿತು ಎಂಬುದನ್ನು ಓದುಗನೊಬ್ಬನೇ ಹೇಳಬಲ್ಲ. ಆ ರಂಗನಾಥನ್ನರೇ 1924ರಲ್ಲಿ ಗಣಿತದ ಮೇಷ್ಟರ ಕೆಲಸ ಬಿಟ್ಟು ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ, ಆ ಒಂಟಿತನ ತಡೆಯಲಾಗದೆ ಕೆಲವೇ ದಿನಗಳಲ್ಲಿ ಹಳೆಯ ಕೆಲಸಕ್ಕೆ ಮರಳಲು ಹೊರಟಿದ್ದರು. ಅವರನ್ನು ಲಂಡನ್ನಿಗೆ ಕಳಿಸಿದರು. ಅಲ್ಲಿನ ಗ್ರಂಥಾಲಯಗಳಲ್ಲಿ ಎಲ್ಲ ಬಗೆಯ ಜನ ಬಂದು ಓದುವುದನ್ನು ಕಣ್ಣಾರೆ ಕಂಡ ಮೇಲೆ ಮನಸ್ಸು ಬದಲಾಯಿತು. ತನ್ನ ಕೆಲಸ ಏನು ಮಾಡಬಲ್ಲುದು ಎಂದು ಕಾಣದಿದ್ದರೆ ಎಂಥವರಿಗೂ ಕೈ ಸೋಲುತ್ತದೆ.

1957ರಲ್ಲಿ ನೊಬೆಲ್ ಬಂದ ಕೆಲವು ವಾರಗಳಿಗೆ ಆಲ್ಬೆರ್ ಕಾಮು ತನ್ನ ಪ್ರಾಥಮಿಕ ಶಾಲೆಯ ಮೇಷ್ಟರಿಗೆ ಒಂದು ಕಾಗದ ಬರೆದ. ಬಹುಮಾನದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆದರೆ ಆ ಬಹುಮಾನದ ಬೇರು ಅಲ್ಜಿಯರ್ಸಿನ ಒಂದು ತರಗತಿಯಲ್ಲಿದೆ ಎಂಬ ಸುದ್ದಿ ಯಾವ ಪತ್ರಿಕೆಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಶಿಷ್ಯನಿಗೆ. ಅವನು ಬರೆಯದಿದ್ದರೆ ಮೇಷ್ಟರ ಬದುಕಿನದೇ ಒಂದು ಸತ್ಯ ಮೇಷ್ಟರಿಗೆ ತಿಳಿಯದೇ ಉಳಿಯುತ್ತಿತ್ತು.

ಕೃತಜ್ಞ ಎಂಬ ಪದವನ್ನು ಬಿಡಿಸಿ ನೋಡಿ. ಕೃತವನ್ನು, ಅಂದರೆ ಮಾಡಿದ್ದನ್ನು, ಅರಿತವನು. ಅದರಲ್ಲಿ ಸಾಲ ತೀರಿಸುವ ಮಾತಿಲ್ಲ, ಹೊಗಳಿಕೆಯ ಮಾತೂ ಇಲ್ಲ, ಅರಿವಿನ ಮಾತಿದೆ. ಹಾಗಾದರೆ ಮೆಚ್ಚುಗೆಯ ಚೀಟಿ ಒಂದು ಬಗೆಯ ಸಾಕ್ಷಿ. ನಮಗೆ ಮಾತ್ರ ಗೊತ್ತಿರುವುದನ್ನು, ಅದು ಯಾರಿಗೆ ಸೇರಬೇಕೋ ಅವರಿಗೆ ತಲುಪಿಸುವುದು. ಹೃದಯದಿಂದ ಬಂದದ್ದೇ ಎಂದು ತಿಳಿಯಲು ನನ್ನದು ಒಂದೇ ಪರೀಕ್ಷೆ: ಹೆಸರು ಬದಲಿಸಿದರೆ ಬೇರೆಯವರಿಗೂ ಹೊಂದುತ್ತದೆಯೇ? ನನ್ನ ಆಫೀಸಿನ ಮೇಲ್‌ಗಳೆಲ್ಲ ಇಲ್ಲಿ ಫೇಲು. ಶಾಲೆಯವರು ಕೇಳಿ ಬರೆಸಿದ್ದರೂ, ಆ ಸ್ಟೂಲಿನಿಂದಾಗಿ ಮಗಳ ಚೀಟಿ ಪಾಸು.

ನಾನೂ ಬರೆಯಲು ಕೂತೆ. ಸಭೆಯಲ್ಲಿ ನಾನು ಆಡಿದ್ದನ್ನೂ ಬರೆದು ಕ್ಷಮೆ ಕೇಳಬೇಕೆನಿಸಿತು. ಹೆಂಡತಿ ಓದಿ, "ನಿಮ್ಮ ಮನಸ್ಸು ಹಗುರ ಮಾಡ್ಕೊಳ್ಳೋಕೆ ರಿಟೈರ್ ಆಗೋ ಹೊತ್ತಲ್ಲಿ ಅವರ ಮನಸ್ಸು ಭಾರ ಮಾಡ್ತೀರಾ?" ಎಂದಳು. ಮೊದಲು ಸಿಟ್ಟು ಬಂತು, ಆಮೇಲೆ ಅರ್ಥವಾಯಿತು. ನನ್ನ ತಪ್ಪು ನಡೆದದ್ದು ಮೇಡಂ ಎದುರಿಗಲ್ಲ, ಆಡಳಿತದವರ ಎದುರಿಗೆ. ತಿದ್ದಬೇಕಾದದ್ದೂ ಅಲ್ಲಿಯೇ. ಹಾಗಾಗಿ ಎರಡು ಕಾಗದ ಬರೆದೆ. ಮೇಡಂಗೆ ಬರೆದದ್ದರಲ್ಲಿ ನನ್ನ ಮಗಳಿಗೆ ಏನಾಯಿತು ಎಂಬುದು ಮಾತ್ರ. ಪ್ರಿನ್ಸಿಪಾಲರಿಗೆ ಬರೆದದ್ದರಲ್ಲಿ, ಮಗಳ ಒಪ್ಪಿಗೆ ಪಡೆದು, ಅವತ್ತಿನ ಲೆಕ್ಕದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು, ನಾನು ಎದ್ದು ನಿಂತು ಹೇಳಿದ್ದು ತಪ್ಪೆಂಬುದು, ಆ ಪೀರಿಯಡ್ ಮರಳಿ ಕೊಡಿ ಎಂಬ ಕೋರಿಕೆ. ಎರಡನೆಯದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮೇಡಂ ಹೋದ ಶನಿವಾರ ಶಾಲೆಯ ಗೇಟಿನಲ್ಲಿ ಸಿಕ್ಕರು. ಚೀಟಿಗಳನ್ನೆಲ್ಲ ಓದಿದ್ದರು. "ನಿಮ್ಮ ಹುಡುಗಿಗೆ ಪುಸ್ತಕದ ಮೇಲೆ ಅಷ್ಟು ಪ್ರೀತಿ, ಅದಕ್ಕೇ ಬರ್ತಾಳೆ ಅಂದ್ಕೊಂಡಿದ್ದೆ ಸಾರ್" ಎಂದು ತೆಲುಗಿನಲ್ಲಿ ಹೇಳಿ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಒಬ್ಬ ಹುಡುಗ ಬರ್ತಾನೆ. ಒರಿಸ್ಸಾ ಕಡೆಯವನು, ಅವರಪ್ಪ ಇಲ್ಲೇ ಫ್ಯಾಕ್ಟರಿಯಲ್ಲಿದ್ದಾರೆ. ಅವನದೂ ಅದೇ ಸ್ಟೂಲ್. ನಾನು ಹೋದ ಮೇಲೆ ಬಿಡುವಿನಲ್ಲಿ ಬಾಗಿಲು ಯಾರು ತೆಗೀತಾರೋ" ಎಂದರು.

ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ. ಆ ಎರಡನೆಯ ಕಾಗದದ ಉತ್ತರ ಕೇಳಲು ಶಾಲೆಗೆ ಹೋಗಬೇಕು.